ಮುದ್ರೆಗೆ ತೆತ್ತವರು ಯಾರು?



ಐಎಸ್‌ಐ, ಅಗ್‌ಮಾರ್ಕ್ ಮುದ್ರೆಗಳನ್ನು ನೋಡಿಯೇ ಸಾಮಾನು ಕೊಳ್ಳಬೇಕೆಂದು ನಾನು ನಿಮಗೆ ಪಾಠ ಹೇಳಿದ್ದುಂಟು. ಆದರೆ ಅವು ವಸ್ತುವಿನ ಗುಣವನ್ನು ಹೇಳುತ್ತವೆಯೇ ಹೊರತು, ಅದನ್ನು ಮಾಡಿದ ಕೈಗೆ ಎಷ್ಟು ಕೂಲಿ ದೊರೆಯಿತೆಂಬುದನ್ನಲ್ಲ.

ಅದನ್ನು ಹೇಳಲೆಂದೇ ಹುಟ್ಟಿದ್ದು ನ್ಯಾಯಯುತ ವ್ಯಾಪಾರದ ಮುದ್ರೆ. 1988ರಲ್ಲಿ ಹಾಲೆಂಡಿನಲ್ಲಿ, ಮೆಕ್ಸಿಕೋದ ಸಣ್ಣ ಬೆಳೆಗಾರರ ಕಾಫಿಗೆ ‘ಮ್ಯಾಕ್ಸ್ ಹ್ಯಾವೆಲಾರ್’ ಎಂಬ ಗುರುತು ಬಿದ್ದಾಗ ಇದು ಆರಂಭವಾಯಿತು. ಇಂದು ಫೇರ್‌ಟ್ರೇಡ್ ಸಂಸ್ಥೆಯು ಕಾಫಿ, ಚಹಾ, ಹತ್ತಿಯಂತಹ ಸರಕುಗಳನ್ನು ಪ್ರಮಾಣೀಕರಿಸುತ್ತದೆ. ಕಾಫಿಯಂತಹ ಬೆಳೆಗೆ ಕನಿಷ್ಠ ಬೆಲೆಯನ್ನೂ ನಿಗದಿಪಡಿಸುತ್ತದೆ. ತೊಳೆದ ಅರೇಬಿಕಾ ಕಾಫಿಯ ಕನಿಷ್ಠ ಬೆಲೆಯನ್ನು 2023ರಲ್ಲಿ ಪೌಂಡಿಗೆ 1.40 ಡಾಲರಿನಿಂದ 1.80 ಡಾಲರಿಗೆ ಏರಿಸಿತು. ಕರಕುಶಲ ವಸ್ತುಗಳನ್ನು ಮಾಡುವವರಿಗೆ ಇನ್ನೊಂದು ದಾರಿಯಿದೆ. ವಿಶ್ವ ನ್ಯಾಯಯುತ ವ್ಯಾಪಾರ ಸಂಸ್ಥೆಯು ಸರಕನ್ನಲ್ಲ, ಇಡೀ ಉದ್ಯಮವನ್ನೇ ಹತ್ತು ತತ್ತ್ವಗಳ ಮೇಲೆ ಪರೀಕ್ಷಿಸುತ್ತದೆ. ಸರಿಯಾದ ಕೂಲಿ, ಲೆಕ್ಕದ ಪಾರದರ್ಶಕತೆ, ಬಾಲಕಾರ್ಮಿಕರಿಲ್ಲದಿರುವುದು ಇವೆಲ್ಲ ಅದರಲ್ಲಿ ಸೇರಿವೆ.

ಇಷ್ಟನ್ನು ನಾನು ಓದಿಕೊಂಡದ್ದು ನನ್ನ ತಂಗಿಯ ಮಗಳಿಗಾಗಿ. ಸಾಗರದ ಸಮೀಪ ಏಳು ಮಂದಿ ಹೆಂಗಸರೊಡನೆ ಅಡಿಕೆ ಹಾಳೆಯ ತಟ್ಟೆ ಮಾಡುತ್ತಾಳೆ. ಕಳೆದ ವರ್ಷ ಹೊರದೇಶದ ಗಿರಾಕಿಯೊಬ್ಬರು, ಪ್ರಮಾಣಪತ್ರವಿದ್ದರೆ ಮಾತ್ರ ಕೊಳ್ಳುತ್ತೇವೆಂದು ಬರೆದರು. ಅವಳು ಜನ್ನಾಪುರಕ್ಕೆ ಬಂದಾಗ ಕೇಳಿದಳು: “ಮಾವ, ತಪಾಸಣೆಯ ಖರ್ಚು, ಶುಲ್ಕ ಎಲ್ಲವೂ ನಮ್ಮ ತಲೆಯ ಮೇಲೆಯೇ. ಅದನ್ನು ಕಟ್ಟಿದರೆ ಈ ವರ್ಷ ಕೂಲಿ ಹೆಚ್ಚಿಸಲಾಗದು. ಸರಿಯಾಗಿ ಕೂಲಿ ಕೊಡುತ್ತೇನೆಂದು ತೋರಿಸಲು ಕೂಲಿಯನ್ನೇ ಹಿಡಿಯಬೇಕೆ?”

ನಾನು ತಕ್ಷಣ ಉತ್ತರಿಸಲಿಲ್ಲ. ಅವಳದೇ ತಾಲ್ಲೂಕಿನ ಹೆಗ್ಗೋಡಿನ ಬಳಿ, ಭೀಮನಕೋಣೆಯಲ್ಲಿ ‘ಚರಕ’ ಮಹಿಳಾ ಸಹಕಾರ ಸಂಘವಿದೆ. ರಂಗಕರ್ಮಿ ಪ್ರಸನ್ನರ ಪ್ರೇರಣೆಯಿಂದ ಬೆಳೆದ ಈ ಸಂಘದ ಹೆಂಗಸರು ಕೈಮಗ್ಗದ ಬಟ್ಟೆಗೆ ನೈಸರ್ಗಿಕ ಬಣ್ಣ ಹಾಕುತ್ತಾರೆ. ನಮ್ಮ ಅಡಿಕೆಯ ಚೊಗರೂ ಅಲ್ಲಿ ಬಣ್ಣವಾಗುತ್ತದೆ. ಸಹಕಾರ ಸಂಘದಲ್ಲಿ ಲೆಕ್ಕ ಕೇಳುವ ಹಕ್ಕು ಸದಸ್ಯರಿಗೇ ಇರುತ್ತದೆ. ಪರೀಕ್ಷಕ ಹೊರಗಿನಿಂದ ಎಂದೋ ಬರುತ್ತಾನೆ; ದುಡಿಯುವವಳು ದಿನವೂ ಅಲ್ಲಿಯೇ ಇರುತ್ತಾಳೆ. ಮೊದಲು ಅವಳಿಗೆ ಲೆಕ್ಕ ತೋರಿಸು ಎಂದೆ.

ಈಗ ಆ ಘಟಕದ ಗೋಡೆಯ ಮೇಲೆ ತಟ್ಟೆಯ ಮಾರಾಟದ ಬೆಲೆ, ಖರ್ಚು, ಕೂಲಿ ಮೂರನ್ನೂ ತಿಂಗಳಿಗೊಮ್ಮೆ ಬರೆಯುತ್ತಾರೆ. ಮೊದಲ ತಿಂಗಳೇ ಹೆಂಗಸರು ಸಾಗಣೆಯ ಖರ್ಚನ್ನು ಪ್ರಶ್ನಿಸಿದರಂತೆ! ಕೂಲಿಯೂ ಸ್ವಲ್ಪ ಏರಿದೆ. ಗಿರಾಕಿಗೆ ಅವಳು, “ಶುಲ್ಕದ ಅರ್ಧವನ್ನು ನೀವು ಭರಿಸಿದರೆ ಅರ್ಜಿ ಹಾಕುತ್ತೇವೆ” ಎಂದು ಬರೆದಳು. ಉತ್ತರ ಇನ್ನೂ ಬಂದಿಲ್ಲ.

ಮುದ್ರೆ ಬೇಡವೆಂದು ನಾನು ಹೇಳುತ್ತಿಲ್ಲ. ಸಾವಿರಾರು ಮೈಲಿ ದೂರದಲ್ಲಿ ಕೊಳ್ಳುವವನಿಗೆ ಬೇರೆ ಕಣ್ಣಿಲ್ಲ. ಆದರೆ ಸಾಕ್ಷಿ ಬೇಕೆನ್ನುವವನು ಸಾಕ್ಷಿಯ ಖರ್ಚಿನಲ್ಲಿಯೂ ಪಾಲು ಹೊರಬೇಕಲ್ಲವೇ? ಹೊರದೇಶಗಳಲ್ಲಿರುವ ನನ್ನ ಶಿಷ್ಯರು ಅಂಗಡಿಯಲ್ಲಿ ಆ ಮುದ್ರೆಯನ್ನು ಕಂಡಾಗ, ಅದಕ್ಕೆ ಹಣ ತೆತ್ತವರು ಯಾರೆಂದೂ ಒಮ್ಮೆ ವಿಚಾರಿಸಿ, ನನಗೆ ತಿಳಿಸಿ.