ಡಾಲರ್ ಮೂರು

ಎಂಬತ್ತರ ದಶಕದ ಕೊನೆಯಲ್ಲಿ ನಾನು ಬೆಂಗಳೂರಿನ ಒಂದು ಕಚೇರಿಯ ಇ.ಡಿ.ಪಿ. ಎಂಬ ಕಂಪ್ಯೂಟರ್ ವಿಭಾಗದಲ್ಲಿದ್ದೆ. ಸಂಬಳದ ಪಟ್ಟಿ 132 ಅಕ್ಷರ ಅಗಲದ ಕಾಗದದ ಮೇಲೆ ಬರುತ್ತಿತ್ತು. ಎರಡೂ ಅಂಚಿಗೆ ತೂತು, ನಡುವೆ ಹಸಿರು ಪಟ್ಟೆ, ಮೂಗಿಗೆ ಹತ್ತುವ ರಿಬ್ಬನ್ನಿನ ಮಸಿ. ಪಿ.ಎಫ್. ನಂಬರು, ಬೇಸಿಕ್ಕು ಎರಡೇ ಬೇಕಿದ್ದರೂ ಗುಮಾಸ್ತರು ಅಡಿಕೋಲಿಟ್ಟು ಸಾಲುಸಾಲಾಗಿ ಇಳಿಯುತ್ತ ಬೇರೆ ಹಾಳೆಗೆ ನಕಲು ಮಾಡುತ್ತಿದ್ದರು. ಪರೀಕ್ಷೆಗೆ ಹೊಡೆದು ಬಿಟ್ಟ ಕಾಗದ ನಮ್ಮ ಮನೆಗೆ ಬರುತ್ತಿತ್ತು. ಅಮ್ಮ ಅದನ್ನು ನಾಗಂದಿಗೆಗೂ ಗೋಡೆಯ ಗೂಡಿಗೂ ಹಾಸುತ್ತಿದ್ದರು.

ಆಮೇಲೆ ಯುನಿಕ್ಸ್ ಯಂತ್ರ ಬಂತು. ಹಿರಿಯರೊಬ್ಬರು ಅದರಲ್ಲಿ ಆಕ್ ಎಂಬ ಪುಟ್ಟ ಭಾಷೆಯನ್ನು ತೋರಿಸಿದರು. ಅಹೋ, ವೈನ್‌ಬರ್ಗರ್, ಕರ್ನಿಘನ್ ಎಂಬ ಮೂವರು 1977ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಬರೆದದ್ದು. ಅವರ ಹೆಸರಿನ ಮೊದಲಕ್ಷರಗಳೇ ಅದರ ಹೆಸರು. ಸಾಲನ್ನು ಅದು ತೆರಪು ಕಂಡಲ್ಲೆಲ್ಲ ಒಡೆಯುತ್ತಿತ್ತು. ಮೊದಲ ತುಂಡು ಡಾಲರ್ ಒಂದು, ಮೂರನೆಯದು ಡಾಲರ್ ಮೂರು, ಇಡೀ ಸಾಲು ಡಾಲರ್ ಸೊನ್ನೆ. ‘ಪ್ರಿಂಟ್ ಡಾಲರ್ ಮೂರು’ ಅಂದದ್ದೇ ತಡ, ಬೇಕಾದ ಅಂಕಿಗಳು ತೆರೆಯ ಮೇಲೆ ಸರಸರ ಇಳಿದವು. ಆ ಸಂಜೆ ಒಂದೂವರೆ ರೂಪಾಯಿಯ ಕಾಫಿಯನ್ನು ಬೈ-ಟು ಮಾಡಿಸದೆ ಇಡಿಯಾಗಿ ಕುಡಿದೆ.

ನಮ್ಮ ಹೆಸರುಗಳು ಮಾತ್ರ ಆ ಲೆಕ್ಕಕ್ಕೆ ಸುಲಭವಾಗಿ ಬಗ್ಗಲಿಲ್ಲ. ಗೌರಮ್ಮ ಒಂದೇ ತುಂಡು. ವೆಂಕಟೇಶ ಎಚ್ ಎಸ್ ಮೂರು. ಒಬ್ಬರ ಬೇಸಿಕ್ಕು ನಾಲ್ಕನೆಯ ಮನೆಯಲ್ಲಿದ್ದರೆ ಇನ್ನೊಬ್ಬರದು ಆರನೆಯದರಲ್ಲಿ. “ಹಿಂದಿನಿಂದ ಎಣಿಸಮ್ಮ,” ಎಂದರು ಹಿರಿಯರು. ಸಾಲಿನಲ್ಲಿ ಎಷ್ಟು ತುಂಡುಗಳಿವೆ ಎಂಬುದು ಎನ್‌ಎಫ್‌ನಲ್ಲಿ ಇರುತ್ತದೆ. ಡಾಲರ್ ಎನ್‌ಎಫ್ ಎಂದರೆ ಕೊನೆಯದು, ಒಂದು ಕಳೆದರೆ ಅದರ ಹಿಂದಿನದು. ಸಾಲದ ಕಂತು ಇಲ್ಲದವರ ಸಾಲಿನಲ್ಲಿ ಆ ಮನೆ ಖಾಲಿ ಉಳಿದಾಗ ಅದೂ ಕೆಲಸಕ್ಕೆ ಬರಲಿಲ್ಲ. ಆಗ ಸಬ್‌ಸ್ಟ್ರಿಂಗ್ ಹಿಡಿದು, ಇಂತಿಷ್ಟನೆಯ ಅಕ್ಷರದಿಂದ ಇಷ್ಟು ಅಕ್ಷರ ಎಂದು ಕತ್ತರಿಸಿದೆವು. ಯುನಿಕ್ಸಿನ ಪಾಸ್‌ವರ್ಡ್ ಕಡತ ನೋಡಿದಾಗ ನನಗೆ ಹೊಟ್ಟೆಕಿಚ್ಚಾಗಿತ್ತು: ಏಳು ಮನೆ, ನಡುನಡುವೆ ಕೋಲನ್, ಖಾಲಿ ಮನೆಗೂ ಅದರ ಜಾಗ ಭದ್ರ.

ಈಗ ನನ್ನ ಮೊಮ್ಮಗಳ ಮುಂದಿರುವುದು ಪ್ರತಿ ಮನೆಗೂ ಹೆಸರಿರುವ ಜೇಸನ್ ಕಡತ. “ಅಜ್ಜಿ, ಎಣಿಸೋದ್ಯಾಕೆ? ಹೆಸರು ಹೇಳಿದ್ರೆ ಸಾಕು,” ಅಂದಳು. ಬೇಸಿಕ್ ಎಂದು ಕೇಳಿದರೆ ಅದನ್ನು ಓದುವ ಜೇಕ್ಯೂ ಎಂಬ ಸಾಧನ ಬೇಸಿಕ್ಕನ್ನೇ ಕೊಡುತ್ತದೆ, ಅದು ಎಲ್ಲೇ ಕೂತಿರಲಿ. ಇದು ನಮ್ಮದಕ್ಕಿಂತ ಒಳ್ಳೆಯ ಏರ್ಪಾಡು, ಅದರಲ್ಲಿ ಎರಡು ಮಾತಿಲ್ಲ.

ಆಕ್ ಕೂಡ ನಿಂತಲ್ಲೇ ನಿಂತಿಲ್ಲ. ಅದರ ಬಗ್ಗೆ ಅದೇ ಮೂವರು ಬರೆದ ಪುಸ್ತಕ 2023ರಲ್ಲಿ ಎರಡನೆಯ ಆವೃತ್ತಿ ಕಂಡಿತು. ಆ ಹೊತ್ತಿಗೆ ಉದ್ಧರಣ ಚಿಹ್ನೆಯೊಳಗಿನ ಅಲ್ಪವಿರಾಮದಲ್ಲಿ ಸಾಲು ಒಡೆಯದ ಸಿಎಸ್‌ವಿ ಓದು ಬಂತು, ಯೂನಿಕೋಡೂ ಬಂತು. ಕೃಷ್ಣ ನಮ್ಮ ಕಣ್ಣಿಗೆ ಎರಡಕ್ಷರ. ಹಳೆಯ ಆಕ್‌ಗೆ ಅದು 15 ಬೈಟು, ಹೊಸದಕ್ಕೆ 5 ಸಂಕೇತ. ಹಾಗಾಗಿ ಕನ್ನಡ ಹೆಸರಿರುವ ಪಟ್ಟಿಯನ್ನು ಮೊಮ್ಮಗಳೂ ನಾನೂ ಅಕ್ಷರ ಎಣಿಸಿ ಕತ್ತರಿಸುವುದಿಲ್ಲ. ನಡುವೆ ಟ್ಯಾಬ್ ಹಾಕಿಸಿಕೊಂಡು ಅಲ್ಲೇ ಒಡೆಯುತ್ತೇವೆ.