ಲ್ಯಾನೋ ಹೊಳೆಗೆ ತಕ್ಕ ಗಾಳದ ಕೋಲು

ಅಮೆರಿಕದ ಟೆಕ್ಸಸ್ ಸಂಸ್ಥಾನವೆಂದೊಡನೆ ಬಿಸಿಲು, ಮುಳ್ಳುಗಳ್ಳಿ, ಕುದುರೆಯೇರಿದ ದನಗಾಹಿ ಇವೇ ನಮ್ಮವರ ಕಣ್ಣಮುಂದೆ ನಿಲ್ಲುವುದು ವಾಡಿಕೆ. ಸಂಸ್ಥಾನದ ನಡುಭಾಗದ ಗುಡ್ಡಸೀಮೆಯನ್ನು ಕಂಡವರು ಈ ಚಿತ್ರವನ್ನು ತಿದ್ದಿಕೊಳ್ಳುತ್ತಾರೆ. ಆಸ್ಟಿನ್ ನಗರದಿಂದ ಪಶ್ಚಿಮಕ್ಕೆ ಮೋಟಾರಿನಲ್ಲಿ ಸುಮಾರು ಎರಡೂವರೆ ಗಂಟೆ ಸಾಗಿದರೆ ಜಂಕ್ಷನ್ ಎಂಬ ಪುಟ್ಟ ಊರು ಸಿಗುತ್ತದೆ. ಉತ್ತರ ಲ್ಯಾನೋ, ದಕ್ಷಿಣ ಲ್ಯಾನೋ ಎಂಬ ಎರಡು ಹೊಳೆಗಳು ಅಲ್ಲಿ ಕೂಡಿ ಒಂದಾಗುತ್ತವೆ. ದಕ್ಷಿಣದ ಹೊಳೆಗೆ ಒರತೆಗಳೇ ಆಧಾರ. ಸುಣ್ಣಕಲ್ಲಿನ ಹಾಸಿನ ಮೇಲೆ ಹರಿಯುವ ಅದರ ನೀರು ಕನ್ನಡಿಯಷ್ಟು ತಿಳಿ. ಅದರ ದಡದಲ್ಲಿ ಸಂಸ್ಥಾನದ ಉದ್ಯಾನವೊಂದಿದೆ. ಅಲ್ಲಿಯ ಪೆಕಾನ್ ತೋಪಿನಲ್ಲಿ ಚಳಿಗಾಲವಿಡೀ ಕಾಡು ಟರ್ಕಿಕೋಳಿಗಳು ರಾತ್ರಿ ತಂಗುತ್ತವೆ. ಅವುಗಳ ನೆಮ್ಮದಿ ಕೆಡದಿರಲೆಂದು ಅಕ್ಟೋಬರಿನಿಂದ ಮಾರ್ಚ್ ಮುಗಿಯುವವರೆಗೆ ತೋಪಿನೊಳಕ್ಕೆ ಜನರನ್ನು ಬಿಡುವುದಿಲ್ಲ.

ಒಂದು ಬೇಸಗೆಯ ಮುಂಜಾನೆ ಆಸ್ಟಿನ್ನಿನ ಕನ್ನಡ ಕುಟುಂಬವೊಂದು ಈ ಹೊಳೆಗೆ ಬಂದಿಳಿಯಿತು. ತಂದೆ ತುಂಗೆಯ ದಡದವರು. ಬಾಲ್ಯದಲ್ಲಿ ಬಿದಿರುಕೋಲಿಗೆ ದಾರ ಕಟ್ಟಿ, ಎರೆಹುಳು ಚುಚ್ಚಿ, ಮೀನು ಹಿಡಿದವರು. 12 ವರ್ಷದ ಮಗಳಿಗೆ ಆ ಕಥೆಗಳೆಲ್ಲ ಬಾಯಿಪಾಠ. ಆದರೆ ಆಕೆ ಆಸೆಪಟ್ಟದ್ದು ಎರೆಹುಳುವಿನ ಗಾಳಕ್ಕಲ್ಲ, ಫ್ಲೈ ಫಿಶಿಂಗ್ ಎಂಬ ಹುಸಿಕೀಟದ ಗಾಳಕ್ಕೆ. ಹುಟ್ಟುಹಬ್ಬಕ್ಕೆ ಕೊಡಿಸುವೆನೆಂದು ತಂದೆ ಮಾತು ಕೊಟ್ಟಾಗ ಉದ್ಯೋಗವಿತ್ತು. ಮಾತು ತೀರಿಸುವ ದಿನ ಬಂದಾಗ ಅದು ಹೋಗಿ ನಾಲ್ಕು ತಿಂಗಳಾಗಿತ್ತು. “ಮಗುವಿಗೆ ಕೊಟ್ಟ ಮಾತು, ತಪ್ಪಬೇಡಿ. ಆದರೆ 150 ಡಾಲರಿನ ಮೇಲೆ ಒಂದು ಕಾಸೂ ಬೇಡ” ಎಂದಿದ್ದರು ತಾಯಿ.

ಗಾಳದ ಸಲಕರಣೆಯ ವಿಚಾರ ಕನ್ನಡ ನಾಡಿಗೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದವೆಂಬ ಪ್ರಕರಣವೇ ಇದೆ. ಮೀನಿನ ಬಗೆಗಳೇನು, ಯಾವುದಕ್ಕೆ ಯಾವ ಎರೆ ಎಂಬುದನ್ನೆಲ್ಲ ಅದು ವಿವರಿಸುತ್ತದೆ. ಆದರೆ ಅರಸನ ವಿನೋದಕ್ಕೆ ಬೆಲೆಯ ಚಿಂತೆಯಿಲ್ಲ. ಸಂಸಾರಸ್ಥನಿಗೆ ಮೊದಲ ಚಿಂತೆಯೇ ಅದು.

ಅಂಗಡಿಯಲ್ಲಿ ತಂದೆಯ ಕೈ ಮೊದಲು ಹೋದದ್ದು ಹೊಳೆಹೊಳೆಯುವ ರೀಲಿನತ್ತ. ಅಂಗಡಿಯ ಮುದುಕನು ಅದನ್ನು ಮೆಲ್ಲನೆ ತೆಗೆದು ಕಪಾಟಿನಲ್ಲಿಟ್ಟು, “ಯಾವ ಹೊಳೆ? ಯಾವ ಮೀನು?” ಎಂದು ಕೇಳಿದನು. ಆ ಪ್ರಶ್ನೆಯಲ್ಲಿಯೇ ಅರ್ಧ ಹಣ ಉಳಿಯಿತು.

ಸಾಮಾನ್ಯ ಗಾಳದಲ್ಲಿ ತುದಿಯ ಭಾರವು ತೆಳುವಾದ ದಾರವನ್ನು ಎಳೆದೊಯ್ಯುತ್ತದೆ. ಫ್ಲೈ ಫಿಶಿಂಗಿನಲ್ಲಿ ಕ್ರಮ ತಿರುಗುಮುರುಗು. ಗರಿ, ನೂಲು, ಸ್ಪಂಜುಗಳಿಂದ ಕಟ್ಟಿದ ಹುಸಿಕೀಟಕ್ಕೆ ತೂಕವೇ ಇಲ್ಲವೆನ್ನಬಹುದು. ದಪ್ಪ ದಾರದ ತೂಕವೇ ಅದನ್ನು ಹೊತ್ತೊಯ್ಯಬೇಕು. ಆದುದರಿಂದ ಕೋಲಿಗೂ ದಾರಕ್ಕೂ ಒಂದೇ ಅಂಕೆಯ ಹೊಂದಾಣಿಕೆ ಬೇಕು. ದಾರದ ಮುಂಭಾಗದ 30 ಅಡಿಯ ತೂಕದಿಂದ ಈ ಅಂಕೆಯನ್ನು ಗೊತ್ತುಮಾಡಿದ್ದಾರೆ: 5ನೆಯ ಅಂಕೆಯ ದಾರಕ್ಕೆ ಸುಮಾರು 9 ಗ್ರಾಮ್, 6ನೆಯದಕ್ಕೆ ಹತ್ತಕ್ಕಿಂತ ತುಸು ಹೆಚ್ಚು. ಅಂಗೈಯಗಲದ ಸನ್‌ಫಿಶ್ ಜಾತಿಗೆ 5 ಧಾರಾಳ ಸಾಕು; ಬಾಸ್ ಮೀನಿಗೆ ಒಡ್ಡುವ ಕೀಟ ದಪ್ಪ, ಗಾಳಿಗೆ ತಡೆಯುವಂಥದು. ಎರಡಕ್ಕೂ ಒಂದೇ ಕೋಲು ಬೇಕೆಂದಾದರೆ 9 ಅಡಿಯ, 6ನೆಯ ಅಂಕೆಯ ಕೋಲೇ ಲೇಸು.

“ರೀಲಿಗೆ ದುಡ್ಡು ಸುರಿಯಬೇಡಿ. ಈ ಮೀನುಗಳಿಗೆ ಅದು ದಾರ ಸುತ್ತಿಡುವ ಉರುಳೆ, ಅಷ್ಟೆ. ಮೀನನ್ನು ಕೈಯಿಂದಲೇ ದಾರ ಜಗ್ಗಿ ತರುತ್ತೀರಿ. ಉಳಿದ ಹಣವಿದ್ದರೆ ಒಳ್ಳೆಯ ದಾರಕ್ಕೆ ಹಾಕಿ” ಎಂದನು ಮುದುಕ. ಮುಂಭಾಗ ಭಾರವಾಗಿರುವ ತೇಲುದಾರವೇ ಹೊಸಬರಿಗೆ ಸುಲಭ. ಎದೆಮಟ್ಟದ ರಬ್ಬರು ಷರಾಯಿಯನ್ನು ಅವನು ತೋರಿಸಲೂ ಇಲ್ಲ. ತಣ್ಣೀರಿನ ಟ್ರೌಟ್ ಮೀನಿನ ಹೊಳೆಗೆ ಅದು ಬೇಕಾದೀತು, ಬೇಸಗೆಯ ಬೆಚ್ಚನೆಯ ನೀರಿಗೆ ಹಳೆಯ ಕ್ಯಾನ್ವಾಸ್ ಬೂಟು ಸಾಕು. ಕೋಲು, ರೀಲು, ದಾರ ಮೂರೂ ಹೊಂದಿಸಿಟ್ಟ ಸರಂಜಾಮು 110 ಡಾಲರು. ಆರು ಹುಸಿಕೀಟಗಳಿಗೂ ಎರಡು ತುದಿದಾರಗಳಿಗೂ 25. ತೆರಿಗೆ ಸೇರಿ 146 ಡಾಲರು ಚಿಲ್ಲರೆ. ಪರವಾನಗಿಯ ಖರ್ಚೂ ಬರಲಿಲ್ಲ. ಟೆಕ್ಸಸ್ಸಿನಲ್ಲಿ 17 ತುಂಬದ ಮಕ್ಕಳಿಗೆ ಅದು ಬೇಕಿಲ್ಲ. ಸಂಸ್ಥಾನದ ಉದ್ಯಾನಗಳ ದಡದಲ್ಲಿ ನಿಂತು ಗಾಳ ಹಾಕುವ ದೊಡ್ಡವರಿಗೂ ಬೇಕಿಲ್ಲ.

ಎರಡು ವಾರ ಮನೆಯ ಮುಂದಿನ ಹುಲ್ಲಿನ ಮೇಲೆ, ಕೀಟದ ಬದಲು ಉಲ್ಲನ್ನಿನ ತುಣುಕು ಕಟ್ಟಿ, ಬಾಲಕಿಯ ಅಭ್ಯಾಸ ನಡೆಯಿತು. ಹಿಂದಕ್ಕೆ ಬೀಸಿದ ದಾರ ಪೂರ್ತಿ ಚಾಚುವವರೆಗೆ ಕ್ಷಣಕಾಲ ಕಾಯಬೇಕು. ಈ ವಿದ್ಯೆಯ ಗುಟ್ಟೆಲ್ಲ ಆ ಕಾಯುವಿಕೆಯಲ್ಲಿದೆ. ಆದರೆ ಹೊಳೆಯನ್ನು ಕಂಡ ಉತ್ಸಾಹದಲ್ಲಿ ಕಾಯುವವರಾರು? ಮೊದಲ ಕೀಟ ಹಿಂದಿನ ಮರಕ್ಕೆ ಸಿಕ್ಕಿ ಹರಿಯಿತು. ಎರಡನೆಯದು ಆಕೆಯ ಟೋಪಿಗೆ ನಾಟಿತು. ಕಣ್ಣಲ್ಲಿ ನೀರು ತುಂಬಿಕೊಂಡು, “ಅಪ್ಪ, ದುಡ್ಡೆಲ್ಲ ದಂಡವಾಯಿತೇ?” ಎಂದಳು ಹುಡುಗಿ.

ಮನೆಯ ಕಷ್ಟವನ್ನು ಮಗಳಿಗೆ ಯಾರೂ ಹೇಳಿರಲಿಲ್ಲ. ತಂದೆ ಒಂದು ನಿಮಿಷ ಮಾತಾಡಲಿಲ್ಲ. ಹೊಸ ಕೋಲಿನ ವಿದ್ಯೆ ಅವರಿಗೂ ತಿಳಿಯದು. ಆದರೆ ನೀರು ತಿಳಿದಿತ್ತು. ತುಂಗೆಯಾದರೇನು, ಲ್ಯಾನೋ ಆದರೇನು, ಸೆಳವು ಬಂಡೆಗೆ ಬಡಿದು ನಿಧಾನವಾಗುವ ನೆರಳಿನಲ್ಲಿ ಮೀನು ನಿಂತಿರುತ್ತದೆ. “ಅಲ್ಲಿ ನೋಡು ಪುಟ್ಟಿ, ಆ ಕಲ್ಲಿನ ಮಗ್ಗುಲಲ್ಲಿ. ದೂರ ಎಸೆಯಬೇಡ, ಹತ್ತಿರ ಹೋಗು” ಎಂದು ದಡದಿಂದಲೇ ಬೆರಳು ತೋರಿದರು.

ಮೊಣಕಾಲುದ್ದದ ನೀರಿನಲ್ಲಿ ನಿಂತು ಬಾಲಕಿ 20 ಅಡಿಯಷ್ಟೇ ಬೀಸಿದಳು. ತೇಲುವ ಕೀಟ ನೆರಳಿನ ಅಂಚಿಗೆ ಬಿದ್ದು ಒಮ್ಮೆ ಅಲುಗಿತು, ನೀರು ಚಿಮ್ಮಿತು, ಕೋಲು ಬಾಗಿತು. ಬಂದದ್ದು ಅಂಗೈಯಷ್ಟಗಲದ ರೆಡ್‌ಬ್ರೆಸ್ಟ್ ಸನ್‌ಫಿಶ್. ಎದೆ ಕಿತ್ತಳೆಯ ಬಣ್ಣ. ಟೆಕ್ಸಸ್ಸಿನ ನಡುಭಾಗದ ಹೊಳೆಗಳಲ್ಲಲ್ಲದೆ ಬೇರೆಲ್ಲೂ ಸಹಜವಾಗಿ ಬಾಳದ, 1989ರಲ್ಲಿ ಸಂಸ್ಥಾನದ ಮೀನೆಂದು ಗೌರವ ಪಡೆದ ಗ್ವಾಡಲೂಪ್ ಬಾಸ್ ಅಂದು ಗಾಳಕ್ಕೆ ಬೀಳಲಿಲ್ಲ. ಅದರ ಹಂಬಲವೂ ಯಾರಿಗೂ ಇರಲಿಲ್ಲ. ಗಾಳದ ಹಿಮ್ಮುಳ್ಳನ್ನು ಮೊದಲೇ ಇಕ್ಕುಳದಿಂದ ಒತ್ತಿಟ್ಟಿದ್ದರಿಂದ ಅದು ಸುಲಭವಾಗಿ ಕಳಚಿತು. ಬಾಲಕಿ ಕೈ ಒದ್ದೆಮಾಡಿಕೊಂಡು ಮೀನನ್ನು ನೀರಿಗೆ ಬಿಟ್ಟಳು.

ಮಧ್ಯಾಹ್ನ ಪೆಕಾನ್ ಮರದ ನೆರಳಿನಲ್ಲಿ ಬುತ್ತಿಯ ಮೊಸರನ್ನ ಮುಗಿಯಿತು. ಅಷ್ಟು ಹೊತ್ತೂ ದೂರ ಕುಳಿತು ನೋಡುತ್ತಿದ್ದ ತಾಯಿ ಎದ್ದು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. “ಎಲ್ಲಿ, ಆ ಕೋಲನ್ನು ಇತ್ತ ಕೊಡು, ನೋಡೋಣ” ಎಂದರು.