ಪಲ್ಪರ್ ನೀರು ಹೂವಿನ ಬುಡಕ್ಕೆ ಬಂದದ್ದು

ನಾನು ಹುಡುಗನಾಗಿದ್ದಾಗ ಬಾಳೂರಿನಲ್ಲಿ ಕಾಫಿ ಕುಯ್ಲು ಜೋರಾಗಿದೆ ಎಂಬುದನ್ನು ಮೂಗೇ ಹೇಳುತ್ತಿತ್ತು. ಡಿಸೆಂಬರ್ ಚಳಿಯಲ್ಲಿ ಹಗಲು ಕುಯ್ದ ಅರೇಬಿಕಾ ಹಣ್ಣು ಸಂಜೆಗೆ ಸಿಪ್ಪೆ ಬಿಡಿಸುವ ಪಲ್ಪರಿಗೆ ಬೀಳುತ್ತಿತ್ತು. ರಾತ್ರಿಯೆಲ್ಲ ಅದರ ಗಡಗಡ ಸದ್ದು. ಬೆಳಿಗ್ಗೆ ಹಳ್ಳಕ್ಕಿಳಿದರೆ ನೀರು ಕಂದು, ಮೇಲೆ ನೊರೆ, ಕೊಳೆತ ಹಣ್ಣಿನ ಹುಳಿ ವಾಸನೆ. ಕೆಳಗಿನ ಗದ್ದೆ ಮನೆಯ ಅಜ್ಜಿಯೊಬ್ಬರು ನಮ್ಮ ಅಂಗಳದಲ್ಲಿ ನಿಂತು ಅಪ್ಪನಿಗೆ ಹೇಳಿದ್ದು ಇನ್ನೂ ಕಿವಿಯಲ್ಲಿದೆ: "ಗೌಡ್ರೇ, ದನ ನೀರು ಮೂಸಿ ನೋಡಿ ಹಾಗೇ ವಾಪಸ್ ಬರ್ತವೆ." ಅಪ್ಪ ತಲೆ ತಗ್ಗಿಸಿದರು. ಮರುದಿನವೂ ನೀರು ಹಳ್ಳಕ್ಕೇ ಹೋಯಿತು. ಆಗ ಎಲ್ಲ ತೋಟದವರೂ ಮಾಡುತ್ತಿದ್ದದ್ದು ಅದನ್ನೇ.

ಕಾಫಿ ಬೀಜಕ್ಕೆ ಅಂಟಿದ ಲೋಳೆಯಲ್ಲಿ ಸಕ್ಕರೆ ಇದೆ. ಅದು ನೀರಿಗೆ ಸೇರಿ ಹುಳಿಯಾಗುತ್ತದೆ. ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳು ನೀರಿನಲ್ಲಿದ್ದ ಆಮ್ಲಜನಕವನ್ನೆಲ್ಲ ಹೀರಿಕೊಳ್ಳುತ್ತವೆ. ಮೀನು ಹೊಟ್ಟೆ ಮೇಲಾಗಿ ತೇಲುತ್ತಿದ್ದದ್ದು ಉಸಿರುಕಟ್ಟಿ. ನಮ್ಮ ಮಳೆಗಾಲದಲ್ಲಾಗಿದ್ದರೆ ಎಲ್ಲ ಕೊಚ್ಚಿಹೋಗುತ್ತಿತ್ತು. ಆದರೆ ಕುಯ್ಲು ಬರುವುದೇ ಹಳ್ಳ ಬಡವಾಗುವ ಹೊತ್ತಿಗೆ. ಹೇಮಾವತಿ ಹುಟ್ಟುವ ಜಾವಳಿ ನಮಗೆ ದೂರವಲ್ಲ. ಗೊರೂರು ಅಣೆಕಟ್ಟೆ ತುಂಬಿಸುವ ಹೊಳೆಯ ತಲೆಯಲ್ಲೇ ಕೂತು ನಾವು ಹೀಗೆ ಮಾಡುತ್ತಿದ್ದೆವಲ್ಲ ಎಂದು ನೆನೆದರೆ ಈಗಲೂ ಸಂಕಟವಾಗುತ್ತದೆ.

ಬದಲಾವಣೆ ನಿಧಾನವಾಗಿ ಬಂತು. ಮಾಲಿನ್ಯ ನಿಯಂತ್ರಣ ಮಂಡಳಿಯ ನಿಯಮಗಳು ಬಿಗಿಯಾದವು. ಕಾಫಿ ಮಂಡಳಿಯವರು ಗುಂಡಿ ಕಟ್ಟಿ ಎಂದರು. ಕಡಿಮೆ ನೀರು ಕುಡಿಯುವ ಹೊಸ ಪಲ್ಪರುಗಳು ಬಂದವು. ಕೆಲವರು ಪಲ್ಪಿಂಗೇ ಬೇಡವೆಂದು ಹಣ್ಣನ್ನು ಹಾಗೇ ಕಣದಲ್ಲಿ ಒಣಗಿಸಿ ಚೆರ್ರಿ ಮಾಡಿ ಮಾರಿದರು. ನಾವು ಸಿಪ್ಪೆ ಬಿಡಿಸಿ ತೊಳೆದು ಒಣಗಿಸುವ ಪಾರ್ಚ್‌ಮೆಂಟ್ ಬಿಡಲಿಲ್ಲ, ಗುಂಡಿ ತೋಡಿಸಿದೆವು. ಮೊದಲನೆಯದರಲ್ಲಿ ಸುಣ್ಣ ಬೆರೆಸಿ ಹುಳಿ ಮುರಿಯುವುದು, ಎರಡನೆಯದರಲ್ಲಿ ಗಾಳಿ ಸೋಕದೆ ಕೊಳೆಯಲು ಬಿಡುವುದು, ಮೂರನೆಯದರಲ್ಲಿ ಗಾಳಿ ಆಡಿಸುವುದು. ಸಿಪ್ಪೆ ಬೇರೆಯಾಗಿ ಗೊಬ್ಬರದ ಗುಂಡಿಗೆ.

ಮೂರನೇ ಗುಂಡಿಯ ನೀರನ್ನು ಏನು ಮಾಡುವುದು? ಹೂವಿಗೆ ಹಾಕೋಣ ಎಂದವಳು ನನ್ನ ಹೆಂಡತಿ. ಹೂವನ್ನು ಯಾರೂ ತಿನ್ನುವುದಿಲ್ಲ, ಧೈರ್ಯವಾಗಿ ನೋಡಬಹುದು ಎನ್ನುವುದು ಅವಳ ಲೆಕ್ಕ. ಕಾಫಿ ಹಣ್ಣಿನ ಪೊಟ್ಯಾಷ್ ಆ ನೀರಿನಲ್ಲಿ ಉಳಿದಿರುತ್ತದೆ, ಹೂಬಿಡುವ ಗಿಡಕ್ಕೆ ಅದು ಬೇಕೇ ಬೇಕು. ಆದರೆ ಮೊದಲ ವರ್ಷ ನಾನು ಅವಸರ ಮಾಡಿದೆ. ನೀರು ಪೂರ್ತಿ ಮಾಗುವ ಮೊದಲೇ ನೆರಳುಬಲೆಯೊಳಗಿನ ಆಂಥೂರಿಯಂಗೆ ಬಿಟ್ಟೆ. ಎಲೆಯಂಚು ಸುಟ್ಟಂತಾಯಿತು, ಬೇರು ಕಪ್ಪಾಯಿತು. ಅವಳು ಮೂರು ವರ್ಷ ಮಕ್ಕಳಂತೆ ಸಾಕಿದ ಗಿಡಗಳು ಅವು. ಅವಳು ಒಂದು ಮಾತೂ ಆಡಲಿಲ್ಲ.

ಆಮೇಲೆ ಪಿಎಚ್ ಕಾಗದ ಅದ್ದಿ ನೋಡದೆ ಗೇಟು ತೆಗೆದವನಲ್ಲ. ಕೆರೆ ನೀರು ಬೆರೆಸಿ ತೆಳುವಾಗಿಸಿ, ಕಾಬಾಳೆ, ಚೆಂಡುಹೂವು, ಬೇಲಿಯ ದಾಸವಾಳಕ್ಕೆ ಬಿಟ್ಟೆವು. ಕಾಬಾಳೆಯಂತೂ ಬೇಸಿಗೆಯಲ್ಲೂ ಎದೆಯೆತ್ತರ ಬೆಳೆದು ಕೆಂಪು ಹೂ ಬಿಟ್ಟಿತು. ಆಂಥೂರಿಯಂಗೆ ಮಾತ್ರ ಇಂದಿಗೂ ಮಳೆನೀರೇ.

ಬಯಲುಸೀಮೆಯಲ್ಲಿ ಇದೇ ಕೆಲಸ ಎಷ್ಟೋ ದೊಡ್ಡದಾಗಿ ನಡೆದಿದೆ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರು ಶುದ್ಧವಾಗಿ ಕೋಲಾರದ ಕೆರೆಗಳಿಗೆ ಹರಿಯುತ್ತಿದೆ. ಎರಡನೇ ಹಂತದ ಶುದ್ಧೀಕರಣ ಸಾಲದು, ಮೂರನೆಯದೂ ಬೇಕು ಎಂದು ಅಲ್ಲಿಯವರು ಕೇಳುತ್ತಲೇ ಇದ್ದಾರೆ. ಅವರು ಕೇಳುವುದು ಸರಿ. ಅರೆಬರೆ ಮಾಗಿದ ನೀರು ಬೇರಿಗೆ ಏನು ಮಾಡುತ್ತದೆಂದು ನಾನು ಕಣ್ಣಾರೆ ಕಂಡವನು.

ಆ ಅಜ್ಜಿ ಈಗಿಲ್ಲ. ಅವರ ಮೊಮ್ಮಗ ಜನವರಿಯಲ್ಲೂ ದನಗಳನ್ನು ಅದೇ ಹಳ್ಳಕ್ಕೆ ಹೊಡೆದುಕೊಂಡು ಬರುತ್ತಾನೆ. ಅವು ಬಗ್ಗಿ ಕುಡಿಯುವವರೆಗೂ ನಾನು ದಡದಲ್ಲೇ ನಿಂತಿರುತ್ತೇನೆ. ಎರಡನೇ ಗುಂಡಿಯಲ್ಲಿ ಹೂಳು ತುಂಬಿದೆ. ಈ ಸಲ ಕುಯ್ಲಿಗೆ ಮುಂಚೆಯೇ ತೆಗೆಸಲು ಆಳುಗಳಿಗೆ ಹೇಳಿಯಾಗಿದೆ.